ಮೇಷ್ಟ್ರು ಬೆಳಕಿಗೆ ಹಿಡಿದ ನಳಿಕೆಗಳು

ನಮಗೆ ಜೀವರಸಾಯನಶಾಸ್ತ್ರ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗಿನಿಂದ, ಎಂ.ಎಸ್‌ಸಿ. ತರಗತಿಯ ಉಳಿದ ಪಾಠಗಳೆಲ್ಲ ಮಸುಕಾಗಿ, ಇಲಿಯ ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕವನ್ನು ಒಡೆಯುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅಳೆದ ಪ್ರಯೋಗವೊಂದೇ ಕಣ್ಣಿಗೆ ಕಟ್ಟುತ್ತಿದೆ.

ಮಂಜುಗಡ್ಡೆಯ ಮೇಲಿಟ್ಟ ತಟ್ಟೆಯಲ್ಲಿ ಅವರು ಮಿದುಳಿನ ಹೊರಪದರವಾದ ಕಾರ್ಟೆಕ್ಸನ್ನು ಚಿಮಟದ ತುದಿಯಿಂದ ಮೆಲ್ಲಗೆ ಸರಿಸಿ, ಅದರಡಿ ಬಾಗಿ ಮಲಗಿದ ಹಿಪೊಕ್ಯಾಂಪಸ್ಸನ್ನೂ ಬಿಳಿ ಎಳೆಗಳು ಹಾದುಹೋದ ಸ್ಟ್ರಯೇಟಮ್ಮನ್ನೂ ಬಿಡಿಸಿ ತೋರಿಸುತ್ತಿದ್ದರು. ಅರೆದ ಅಂಗಾಂಶಕ್ಕೆ, ಎಲ್ಮನ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ವಿಧಾನದಂತೆ, ಬಣ್ಣ ಬರಿಸುವ ಡಿಟಿಎನ್‌ಬಿಯನ್ನೂ ಕಿಣ್ವ ಒಡೆಯಬಲ್ಲ ಅಸಿಟೈಲ್‌ಥಯೋಕೋಲಿನನ್ನೂ ಬೆರೆಸಿದರೆ ಕಿಣ್ವ ಕೆಲಸ ಮಾಡಿದಷ್ಟೂ ಹಳದಿ ಬಣ್ಣ ಏರುತ್ತದೆ. ಆ ಏರಿಕೆಯನ್ನು 412 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಬೇಕು. ಸ್ಟ್ರಯೇಟಮ್‌ನ ನಳಿಕೆ ನೋಡನೋಡುತ್ತಲೇ ಗಾಢವಾಗುತ್ತಿತ್ತು. ಕಿರುಮಿದುಳಾದ ಸೆರೆಬೆಲ್ಲಮ್‌ನದು ಎಲ್ಲಕ್ಕಿಂತ ಹಿಂದುಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವರು ಚಹಾ ಕುಡಿಯಲು ಹೋದಾಗ ನಾವು ಕೆಲವರು ಆ ಎರಡು ನಳಿಕೆಗಳ ಚೀಟಿಗಳನ್ನು ಅದಲುಬದಲು ಮಾಡಿ, ಏನೂ ಅರಿಯದವರಂತೆ ಕುಳಿತೆವು. ಹಿಂದಿರುಗಿದ ಮೇಷ್ಟ್ರು ಚೀಟಿಗಳನ್ನು ಓದಲೇ ಇಲ್ಲ. ನಳಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಚೀಟಿಗಳನ್ನು ಕಿತ್ತು ಸರಿಯಾಗಿ ಅಂಟಿಸಿ, "ಎಲ್ಲ ಕೋಶಗಳಲ್ಲೂ ಇರುವುದು ಅದೇ ಜೀನ್ ತಾನೇ? ಹಾಗಾದರೆ ಇದೊಂದೇ ಯಾಕ್ರಯ್ಯಾ ಇಷ್ಟು ಹಳದಿ?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಸ್ಟ್ರಯೇಟಮ್‌ನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ನರಕೋಶಗಳು ನೂರಕ್ಕೆ ಒಂದೆರಡರಷ್ಟೇ ಇದ್ದರೂ ಅವುಗಳ ಕವಲುಗಳು ಆ ಪ್ರದೇಶವನ್ನೆಲ್ಲ ದಟ್ಟವಾಗಿ ಹೆಣೆದುಕೊಂಡಿವೆ ಎಂಬುದನ್ನು ಅವರು ಕಪ್ಪುಹಲಗೆಯ ಮೇಲೆ ಬಿಡಿಸಿ ವಿವರಿಸುವಷ್ಟರಲ್ಲಿ ಸಂಜೆಯಾಗಿತ್ತು. ಒಂದು ಬೈಗುಳವೂ ಬೀಳಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಅವರು ನನ್ನನ್ನು ಕೇಳಿದ್ದು ಡೋಪಮೈನ್ ಎಂಬ ಇನ್ನೊಂದು ನರಸಂದೇಶಕದ ತಯಾರಿಕೆಗೆ ಬೇಕಾದ ಟೈರೋಸಿನ್ ಹೈಡ್ರಾಕ್ಸಿಲೇಸ್ ಕುರಿತು: ಸ್ಟ್ರಯೇಟಮ್‌ನಲ್ಲಿ ಹೇರಳವಾಗಿ ಸಿಗುವ ಈ ಕಿಣ್ವ ಹುಟ್ಟುವುದೂ ಅಲ್ಲಿಯೇ? ಅದು ಮುಖ್ಯವಾಗಿ ಹುಟ್ಟುವುದು ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಮತ್ತು ಅದರ ನೆರೆಯ ಕೋಶಗಳಲ್ಲಿ, ಸ್ಟ್ರಯೇಟಮ್‌ಗೆ ಬರುವುದು ಉದ್ದನೆಯ ನರತಂತುಗಳ ಮೂಲಕ ಎಂದು ನಾನು ತಡವರಿಸದೆ ಉತ್ತರಿಸಿದಾಗ ಅವರು ಪಕ್ಕದಲ್ಲಿದ್ದ ಪರೀಕ್ಷಕರ ಕಡೆಗೆ ತಿರುಗಿ ತಲೆಯಾಡಿಸಿದ್ದು, ಮುಂದೆ ನನಗೆ ದೊರೆತ ಎಷ್ಟೋ ಮನ್ನಣೆಗಳಿಗಿಂತ ದೊಡ್ಡದಾಗಿ ಉಳಿದಿದೆ.

ಇಂದು ನನ್ನಲ್ಲಿಗೆ ಬರುವ ಬುದ್ಧಿವಂತ ವಿದ್ಯಾರ್ಥಿಗಳು, ಕಿಣ್ವ ತಯಾರಿಸಲು ಜೀನ್‌ನಿಂದ ಬರುವ ಸಂದೇಶವಾದ ಆರ್‌ಎನ್‌ಎ ಎಲ್ಲಿ ಎಷ್ಟಿದೆ ಎಂಬ ಬಣ್ಣದ ನಕಾಶೆಯನ್ನು ಪರದೆಯ ಮೇಲೆ ಕ್ಷಣದಲ್ಲಿ ತೆರೆಯುತ್ತಾರೆ. ಆದರೆ ಆರ್‌ಎನ್‌ಎ ಇದ್ದ ಕಡೆಯೇ ಕಿಣ್ವವೂ ಇದೆ ಎಂದುಕೊಂಡುಬಿಡುತ್ತಾರೆ. ತರಗತಿಗಳಲ್ಲಿ ಪ್ರಾಣಿಗಳ ಬಲಿ ನಿಂತದ್ದು ಸರಿಯೇ. ಅದರ ಜೊತೆಗೆ ಕಣ್ಣಾರೆ ಕಾಣುವ ಅಭ್ಯಾಸವೂ ನಿಂತುಹೋಗಬೇಕಾಗಿರಲಿಲ್ಲ. 1964ರಲ್ಲಿ ಕಾರ್ನೋವ್‌ಸ್ಕಿ ಮತ್ತು ರೂಟ್ಸ್ ಕೊಟ್ಟ ವಿಧಾನದಿಂದ ಅಸಿಟೈಲ್‌ಕೋಲಿನೆಸ್ಟರೇಸ್ ಇರುವೆಡೆ ಬಣ್ಣಗಟ್ಟಿಸಿದ ಮಿದುಳಿನ ಸ್ಲೈಡುಗಳಲ್ಲಿ ಸ್ಟ್ರಯೇಟಮ್ ಕಡುಕಂದಾಗಿಯೂ ಕಾರ್ಟೆಕ್ಸ್ ತಿಳಿಯಾಗಿಯೂ ಎದ್ದು ಕಾಣುತ್ತವೆ, ಮತ್ತು ಒಂದೇ ಸ್ಲೈಡನ್ನು ಎಷ್ಟೋ ತಂಡಗಳು ನೋಡಬಹುದು. ನನ್ನ ಪ್ರಯೋಗಾಲಯದಲ್ಲಿ ಅಂಥವು ಸಾಕಷ್ಟಿವೆ. ಮೇಷ್ಟ್ರು ಕಲಿಸಿದ ವಿಭಾಗದವರು ಒಪ್ಪಿದರೆ, ಮೇಷ್ಟ್ರ ಹೆಸರಿನಲ್ಲಿ ಒಂದು ಪೆಟ್ಟಿಗೆ ಸ್ಲೈಡುಗಳನ್ನು ಈ ವರ್ಷವೇ ಕಳುಹಿಸಿಕೊಡುತ್ತೇನೆ.