ಕಳೆದುಹೋದ ಕಾರಿನ ಕೀ

ಬದಿಯಡ್ಕದ ಸಮೀಪದ ನಮ್ಮ ತೋಟದಲ್ಲಿ ಕಳೆದ ಮಳೆಗಾಲ ಅಡಕೆಗೆ ಮದ್ದು ಬಿಡಿಸುತ್ತಿದ್ದಾಗ ಕಾರಿನ ರಿಮೋಟ್ ಕೀ ನನ್ನ ಕಿಸೆಯಿಂದ ಜಾರಿ, ನೀರು ತುಂಬಿ ಹರಿಯುತ್ತಿದ್ದ ಕಣಿಗೆ ಬಿತ್ತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಮನೆಯಲ್ಲಿ ಇನ್ನೊಂದು ಕೀ ಇದ್ದುದರಿಂದ ಓಡಾಟ ನಿಲ್ಲಲಿಲ್ಲವಾದರೂ, ಉಳಿದ ಒಂದನ್ನೇ ನಂಬಿ ಕೂರುವ ಧೈರ್ಯ ನನಗಾಗಲಿಲ್ಲ.

ಮೊದಲು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡ ರಿಮೋಟೊಂದನ್ನು ತರಿಸಿ ಹಣ ಕಳೆದುಕೊಂಡೆ. ಆಕಾರ, ಗುಂಡಿಗಳು ಎಲ್ಲವೂ ಹಳೆಯದರಂತೆಯೇ ಇದ್ದವು; ಆದರೆ ಅದು 315 ಮೆಗಾಹರ್ಟ್ಸ್‌ನದು. ಅಮೆರಿಕ, ಜಪಾನುಗಳಲ್ಲಿ ಆ ರೇಡಿಯೋ ಕಂಪನಾಂಕ ಬಳಕೆಯಲ್ಲಿದೆ. ನನ್ನ ಕಾರು ಆಲಿಸುವುದು 433.92 ಮೆಗಾಹರ್ಟ್ಸ್‌ಗೆ. ಎಷ್ಟು ಪ್ರೋಗ್ರಾಮ್ ಮಾಡಿದರೂ ಕಾರಿಗೆ ಅದರ ದನಿ ಕೇಳಿಸುವಂತಿಲ್ಲ.

ಕೊನೆಗೆ ಕಾಸರಗೋಡು ಪೇಟೆಯ ಒಂದು ಕೀ ಅಂಗಡಿಗೆ ಹೋದೆ. ಅಲ್ಲಿಯ ಯುವಕ ಮೊದಲು ಕೇಳಿದ್ದು ಆರ್‌ಸಿಯನ್ನೂ ನನ್ನ ಗುರುತಿನ ಚೀಟಿಯನ್ನೂ. ಅದರಿಂದಲೇ ಅವನ ಮೇಲೆ ವಿಶ್ವಾಸ ಹುಟ್ಟಿತು. "ಮಾಷೆ, ಉಳಿದ ಕೀಗಳನ್ನೆಲ್ಲ ತಂದಿದ್ದೀರಲ್ಲ?" ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ಅನೇಕ ಕಾರುಗಳಲ್ಲಿ ಹೊಸ ಕೀಯನ್ನು ಕಾರಿನ ನೆನಪಿನಲ್ಲಿ ದಾಖಲಿಸುವಾಗ ಅಲ್ಲಿದ್ದ ಹಳೆಯ ಕೀಗಳ ಗುರುತೆಲ್ಲ ಅಳಿಸಿಹೋಗುವುದರಿಂದ, ಆ ಹೊತ್ತಿಗೆ ಎದುರಿಗಿಲ್ಲದ ಕೀಯಿಂದ ಮತ್ತೆ ಎಂಜಿನ್ ಚಾಲೂ ಆಗದು.

ನಾವು ಒಂದೇ ಎಂದು ತಿಳಿದಿರುವ ಈ ಕೀಯೊಳಗೆ ಸಂಬಂಧವಿಲ್ಲದ ಎರಡು ಸಾಧನಗಳಿವೆ. ಬಾಗಿಲು ತೆರೆಯುವ ರೇಡಿಯೋ ಭಾಗಕ್ಕೆ 3 ವೋಲ್ಟಿನ ನಾಣ್ಯದಂಥ ಬ್ಯಾಟರಿ ಬೇಕು. ಅದು ಗುಂಡಿ ಒತ್ತಿದಾಗಲೆಲ್ಲ ಹೊಸ ಸಂಕೇತವನ್ನು ಕಳುಹಿಸುತ್ತದೆ. ಎಷ್ಟನೆಯ ಸಂಕೇತವೆಂಬ ಲೆಕ್ಕವನ್ನು ಕಾರು ಕೂಡ ಇಟ್ಟುಕೊಳ್ಳುವುದರಿಂದ, ಒಮ್ಮೆ ಬಳಸಿದ ಸಂಕೇತವನ್ನು ಕದ್ದು ಮತ್ತೆ ಕಳುಹಿಸಿದರೂ ಬಾಗಿಲು ತೆರೆಯದು. ಎಂಜಿನ್ನಿಗೆ ಅನುಮತಿ ಕೊಡುವ ಚಿಪ್ ಬೇರೆಯೇ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಅದಕ್ಕೆ ಬ್ಯಾಟರಿಯೇ ಇಲ್ಲ. ಕೀ ತೂರಿಸುವ ಜಾಗದ ಸುತ್ತಲಿನ ತಂತಿಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು. ಬಾಗಿಲು ತೆರೆಯಿತೆಂದು ಹಣ ಕೊಟ್ಟು ಬಂದವರ ಕಾರು ಮರುದಿನ ಚಾಲೂ ಆಗದಿರುವುದು ಈ ಕಾರಣದಿಂದಲೇ.

ಯುವಕ ಹೊಸ ಕೀಯ ಅಲಗನ್ನು ಯಂತ್ರದಲ್ಲಿ ಕತ್ತರಿಸಿದ ಬಳಿಕ, ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಉಪಕರಣದ ತಂತಿ ಸಿಕ್ಕಿಸಿದ. ಹಳೆಯ ಕೀಯನ್ನು ಹಾಕಿ ತಿರುಗಿಸಿದ, ತೆಗೆದ, ಹೊಸದನ್ನು ಹಾಕಿದ. ಡ್ಯಾಶ್‌ಬೋರ್ಡಿನಲ್ಲಿ ಮಿನುಗುತ್ತಿದ್ದ ಕೆಂಪು ದೀಪ ಆರಿತು. ಆಮೇಲೆ ರಿಮೋಟಿನ ಸರದಿ. ಎಲ್ಲ ಮುಗಿದ ಮೇಲೆ ಅವನು ಹೊಸ ಕೀಯ ಬ್ಯಾಟರಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಬರಿಯ ಕೀಯಿಂದ ಎಂಜಿನ್ ಚಾಲೂ ಮಾಡಿ ತೋರಿಸಿದ. ಯಾವ ಅಂಗಡಿಯಲ್ಲಿಯೇ ಆಗಲಿ, ಇಂಥ ಕೀ ಮಾಡಿಸಿದವರು ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕೆಂದು ನನ್ನ ಆಗ್ರಹ.

ಬೇಸಗೆಯಲ್ಲಿ ಕಣಿಯ ಹೂಳು ತೆಗೆಸುವಾಗ ಹಳೆಯ ಕೀ ಸಿಕ್ಕಿತು. ತೊಳೆದು ಬಾಗಿಲಿಗೆ ಹಾಕಿದೆ; ಅಲಗು ತಿರುಗಿ ಬೀಗ ತೆರೆಯಿತು. ಒಳಗೆ ಕುಳಿತು ತಿರುಗಿಸಿದರೆ ಕೆಂಪು ದೀಪ ಬೇಗಬೇಗನೆ ಮಿನುಗಿತು, ಎಂಜಿನ್ ಚಾಲೂ ಆಗಲಿಲ್ಲ.