ಗಟ್ಟಿಮೇಳ ದಾಟಿದರೂ ಸೌಟು ಬಿಡಲಿಲ್ಲ

ಕೋಲಾರದಲ್ಲಿ ಅಣ್ಣನ ಮಗಳ ಮದುವೆ. ಛತ್ರದ ಬಾಗಿಲಲ್ಲೇ ಆಳೆತ್ತರದ ಸ್ಪೀಕರುಗಳು. ಹದಿನೈದು ವರ್ಷದ ನನ್ನ ಮಗನಿಗೆ ಆಟಿಸಂ ಇದೆ. ಅವನ ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿಯೇ ಒಳಗೆ ಕಾಲಿಟ್ಟೆವು. "ಮುಹೂರ್ತದ ಹೊತ್ತಿನಲ್ಲೂ ಹಾಡು ಕೇಳಬೇಕೇ ಇವನಿಗೆ?" ಎಂದು ಯಾರೋ ಅಂದರು. ಅದರಲ್ಲಿ ಹಾಡಿಲ್ಲ, ಸದ್ದು ತಡೆಯುವುದಷ್ಟೇ ಅದರ ಕೆಲಸ ಎಂದು ಎಷ್ಟು ಜನರಿಗೆಂದು ಹೇಳುವುದು!

ನಮಗೆಲ್ಲ ಭಯವಿದ್ದದ್ದು ಗಟ್ಟಿಮೇಳದ್ದು. ಅದೇ ಸಲೀಸಾಗಿ ಕಳೆಯಿತು. ಪುರೋಹಿತರು ವಾಲಗದವರಿಗೆ ಕೈಯೆತ್ತಿ ಸನ್ನೆ ಮಾಡುತ್ತಾರಲ್ಲ, ಹಿಂದಿನ ಸಂಜೆಯ ಶಾಸ್ತ್ರಗಳಲ್ಲೇ ಮಗ ಅದನ್ನು ಗುರುತಿಟ್ಟುಕೊಂಡಿದ್ದ. ಕೈ ಮೇಲೆದ್ದ ಕೂಡಲೇ ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಒತ್ತಿ ಹಿಡಿದು ನಿಂತ. ಅವನ ಪಾಲಿನ ಅಕ್ಷತೆಯನ್ನೂ ನಾನೇ ಹಾಕಿದೆ.

ಪರಿಸ್ಥಿತಿ ಕೆಟ್ಟದ್ದು ಊಟದ ಹಾಲ್‌ನಲ್ಲಿ. ಸಾರಿನ ಬಕೆಟ್ಟಿನ ಅಂಚಿಗೆ ಸೌಟು ಬಡಿಯುವ ಸದ್ದು, ಕುರ್ಚಿಗಳನ್ನು ನೆಲದ ಮೇಲೆ ಕರಕರ ಎಳೆಯುವ ಸದ್ದು. ಯಾವಾಗ, ಯಾವ ಕಡೆಯಿಂದ ಎನ್ನುವುದಕ್ಕೆ ಇಲ್ಲಿ ಸನ್ನೆ ಮಾಡುವವರಿಲ್ಲ. ಎಲೆಗೆ ಒಬ್ಬಟ್ಟು ಬೀಳುವ ಮೊದಲೇ ಮಗ ಮೇಜಿನ ಕೆಳಗೆ ಮುದುಡಿ ಕುಳಿತು ಮುಂಗೈ ಕಚ್ಚಿಕೊಳ್ಳತೊಡಗಿದ.

ಹೊರಗೆ ಕರೆತಂದೆ. ದೊಡ್ಡಪ್ಪ ಹಿಂದೆಯೇ ಬಂದರು. "ಮದುವೆ ಮುಂಜಿಗೆ ಕರೆದುಕೊಂಡು ಬರುತ್ತಿರಮ್ಮ, ಕೇಳಿ ಕೇಳಿ ಅಭ್ಯಾಸವಾಗುತ್ತದೆ."

ಈ ಮಾತು ನನಗೆ ಹೊಸದಲ್ಲ. 2015ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಆಟಿಸಂ ಇರುವ, ಇಲ್ಲದ ಮಕ್ಕಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ ವಾಹನಗಳ ಗದ್ದಲ ಕೇಳಿಸಿದರು, ತೋಳಿಗೆ ಒರಟು ಉಣ್ಣೆ ಉಜ್ಜಿದರು. ಆಟಿಸಂ ಇಲ್ಲದವರ ಮಿದುಳು ಬೇಗನೆ ತಣ್ಣಗಾಯಿತು. ಸಂವೇದನೆ ಅತಿಯಾಗಿದ್ದ ಆಟಿಸಂ ಮಕ್ಕಳಲ್ಲಿ ಮಾತ್ರ, ಅಪಾಯಕ್ಕೆ ಎಚ್ಚರಿಸುವ ಅಮಿಗ್ಡಲಾದ ಸ್ಪಂದನೆ ಹಾಗೆ ತಗ್ಗಲಿಲ್ಲ. ಆಟಿಸಂ ಇದ್ದೂ ಈ ಕಾಟವಿಲ್ಲದವರಲ್ಲಿ, ಹಣೆಯ ಹಿಂದಿನ ಮಿದುಳಿನ ಭಾಗ ಅಮಿಗ್ಡಲಾವನ್ನು ಹತೋಟಿಯಲ್ಲಿಡುವಂತೆ ಕಂಡಿತು. ಆಟಿಸಂ ಎಂದರೆ ಎಲ್ಲರಿಗೂ ಒಂದೇ ಕಿವಿ ಎಂದುಕೊಳ್ಳುವವರಿಗೆ ಇದನ್ನೂ ಹೇಳಬೇಕು.

ಎಲೆಯ ಮುಂದಿನಿಂದ ಎದ್ದು ಬಂದ ದೊಡ್ಡಪ್ಪನಿಗೆ ಇಷ್ಟೆಲ್ಲ ಕೊರೆಯಲಿಲ್ಲ. "ಬಡಿದದ್ದೇ ಬಡಿಯುತ್ತಿದ್ದರೆ ನಮ್ಮ ಕಿವಿ ಅದನ್ನು ಬಿಟ್ಟುಬಿಡುತ್ತದೆ ದೊಡ್ಡಪ್ಪ. ಇವನಿಗೆ ಪ್ರತಿಯೊಂದು ಪೆಟ್ಟೂ ಮೊದಲನೆಯದೇ" ಎಂದೆ.

ಅವರು ಏನೂ ಅನ್ನದೆ ಒಳಗೆ ಹೋಗಿ, ಬಾಳೆಲೆಯ ತುಂಡಿನಲ್ಲಿ ಒಬ್ಬಟ್ಟು ತಂದರು. "ನಾಡಿದ್ದು ಬೀಗರೂಟಕ್ಕೆ ಪಂಕ್ತಿ ಕೂರುವ ಮೊದಲೇ ಬಂದುಬಿಡಿ. ಅಡುಗೆಯವರಿಗೆ ಹೇಳಿರುತ್ತೇನೆ."

ಮಗ ಹೆಡ್‌ಫೋನ್ ತೆಗೆಯದೆಯೇ ತುಪ್ಪ ಎಲ್ಲಿ ಎಂದು ಕೇಳಿದ.