ಸುರಂಗ ದಾಟಿದರೂ ಕಾಣದ ಕಡಲು

ಬಸ್ಸು ಸುರಂಗದೊಳಗೆ ನುಗ್ಗುವಾಗ ಹೊರಗೆ ಬಿಸಿಲಿತ್ತು. ಬೆಳಿಗ್ಗೆ ಟರ್ಕಿಯ ಒಳನಾಡಿನ ಎರ್ಜುರುಮ್ ಬಿಟ್ಟು ಕಡಲ ದಡದ ಟ್ರಾಬ್ಜೋನಿಗೆ ಹೊರಟಾಗಿನಿಂದ ಕಂಡದ್ದೆಲ್ಲ ಬೋಳು ಗುಡ್ಡ, ಕಂದು ಮಣ್ಣು, ಹೊಳೆಯ ಪಕ್ಕದಲ್ಲಷ್ಟೇ ನಾಲ್ಕು ಮರ. ಜಿಗಾನಾ ಸುರಂಗದ ಉದ್ದ 14 ಕಿಲೋಮೀಟರಿಗೂ ಹೆಚ್ಚು, 2023ರಲ್ಲಿ ತೆರೆದದ್ದು. ಅದರ ಹಳದಿ ದೀಪಗಳನ್ನು ಎಣಿಸುತ್ತಾ ನನಗೆ ಜೊಂಪು ಹತ್ತಿತ್ತು. ಹೆಂಡತಿ ಮೊಣಕೈಯಿಂದ ತಿವಿದಾಗ ಕಣ್ಣು ಬಿಟ್ಟರೆ ಗಾಜಿನ ಮೇಲೆ ಮಳೆಹನಿ ಇಳಿಯುತ್ತಿದೆ. ಬೆಟ್ಟವೆಲ್ಲ ದಟ್ಟ ಹಸಿರು, ಕಣಿವೆ ತುಂಬ ಮಂಜು.

ಆಗುಂಬೆ ಘಾಟಿ ಹತ್ತಿ ಇಳಿದು ಬೆಳೆದವನಿಗೆ ಇದರ ಗುಟ್ಟನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಸಮುದ್ರದ ಗಾಳಿ ಹೊತ್ತು ತಂದ ನೀರನ್ನೆಲ್ಲ ಪೊಂಟಿಕ್ ಪರ್ವತಸಾಲು ತನ್ನ ಕಡಲ ಬದಿಗೇ ಇಳಿಸಿಕೊಂಡು, ಒಳನಾಡಿಗೆ ಒಣಗಾಳಿಯನ್ನಷ್ಟೇ ದಾಟಿಸುತ್ತದೆ. ಟ್ರಾಬ್ಜೋನ್ ಪ್ರಾಂತ್ಯವೆಂದರೆ ಈ ಗೋಡೆಗೂ ಕಡಲಿಗೂ ನಡುವಿನ ಇಳಿಜಾರು. ಸಮತಟ್ಟಾದ ನೆಲ ಹುಡುಕಿದರೂ ಸಿಗುವುದು ಕಷ್ಟ. ಮನೆಗಳು ಒಂದರಿಂದ ಒಂದು ದೂರ, ಗುಡ್ಡದ ಮೈಗೆ ಅಲ್ಲೊಂದು ಇಲ್ಲೊಂದು ಅಂಟಿಸಿದಂತೆ. ಸುತ್ತ ಹೇಜಲ್ ಬೀಜದ ತೋಟ, ಹಿತ್ತಿಲಲ್ಲಿ ಮೆಕ್ಕೆಜೋಳ ಮತ್ತು ಕರಿ ಎಲೆಕೋಸು.

ಸುರಂಗ ಒಂದು ಉಪಕಾರ ಮಾಡಿ ಒಂದು ಅಪಕಾರವನ್ನೂ ಮಾಡಿದೆ. ಈ ಬೆಟ್ಟದ ನೆತ್ತಿಯಿಂದ ಕಡಲು ಕಂಡ ಕ್ಷಣವೇ ಜಗತ್ತಿನ ಚರಿತ್ರೆಯಲ್ಲಿ ಹೆಸರಾದದ್ದು. ಕ್ರಿ.ಪೂ. 400ರ ಸುಮಾರಿಗೆ ಹತ್ತು ಸಾವಿರ ಗ್ರೀಕ್ ಬಾಡಿಗೆ ಸೈನಿಕರು, ತಮ್ಮನ್ನು ಕರೆತಂದ ಪರ್ಷಿಯಾದ ರಾಜಕುಮಾರ ಯುದ್ಧದಲ್ಲಿ ಸತ್ತ ಮೇಲೆ, ಗೊತ್ತಿಲ್ಲದ ನಾಡಿನಲ್ಲಿ ಹಿಮ ತುಳಿಯುತ್ತಾ ಊರಿಗೆ ಮರಳುತ್ತಿದ್ದರು. ಅವರ ಮುಖಂಡರಲ್ಲೊಬ್ಬನಾದ ಕ್ಸೆನೊಫೋನ್ ಹಿಂಬದಿಯಲ್ಲಿದ್ದ. ಮುಂದಿನ ಸಾಲಿನಿಂದ ಕೂಗೆದ್ದಿತು. ಶತ್ರುಗಳು ಬಿದ್ದರೆಂದು ಕುದುರೆ ಓಡಿಸಿದರೆ, ಜನ ಅಪ್ಪಿಕೊಂಡು ಅಳುತ್ತಿದ್ದಾರೆ: ‘ಥಲಟ್ಟಾ! ಥಲಟ್ಟಾ!’ ಕಡಲು, ಕಡಲು. ನಾವು ಅದೇ ಬೆಟ್ಟಸಾಲಿನ ಹೊಟ್ಟೆಯೊಳಗೆ ನಿದ್ದೆ ಹೊಡೆಯುತ್ತಾ ಬಂದೆವು. ಮಂಜಿನಲ್ಲಿ ಕಡಲು ಯಾವ ದಿಕ್ಕಿಗಿದೆ ಎಂಬುದೂ ತಿಳಿಯಲಿಲ್ಲ.

ಆ ಸೈನಿಕರ ಕಥೆಗೆ ಇನ್ನೊಂದು ಬಾಲವಿದೆ. ಕೆಳಗಿಳಿದವರು ಹಳ್ಳಿಗಳಲ್ಲಿ ಸಿಕ್ಕ ಜೇನನ್ನು ಹೊಟ್ಟೆ ತುಂಬ ತಿಂದರು. ವಾಂತಿ, ಭೇದಿ, ನಿಲ್ಲಲು ಕಾಲಿಲ್ಲ. ಸೋತ ಸೈನ್ಯದಂತೆ ನೆಲದ ತುಂಬ ಬಿದ್ದುಕೊಂಡರು, ಮೂರು ನಾಲ್ಕು ದಿನಕ್ಕೆ ಎದ್ದರು. ಇಲ್ಲಿನ ರೋಡೊಡೆಂಡ್ರನ್ ಹೂವಿನ ಮಕರಂದದಲ್ಲಿ ವಿಷವಿದೆ. ಈಗಲೂ ಅದನ್ನು ‘ದೆಲಿ ಬಾಲ್’, ಅಂದರೆ ಹುಚ್ಚು ಜೇನು ಎಂದು ಮಾರುತ್ತಾರೆ. ಅಂಗಡಿಯವನು ಒಂದು ಚಮಚದ ತುದಿಯಲ್ಲಿ ಕೊಟ್ಟ. ಗಂಟಲು ಸ್ವಲ್ಪ ಚುರ್ ಎಂದಿತು. ಎರಡನೆಯ ಚಮಚ ಕೇಳುವ ಧೈರ್ಯ ನನಗಾಗಲಿಲ್ಲ, ಅವನೂ ಕೊಡುವ ಹಾಗೆ ಕಾಣಲಿಲ್ಲ.

ಟ್ರಾಬ್ಜೋನ್ ಊರಿನ ಹಳೆಯ ಹೆಸರು ಟ್ರಪೆಜಸ್. ಗ್ರೀಕ್ ಭಾಷೆಯಲ್ಲಿ ‘ಟ್ರಪೆಜಾ’ ಎಂದರೆ ಮೇಜು. ಎರಡು ಕಡಿದಾದ ಕಣಿವೆಗಳ ನಡುವೆ ಮೇಜಿನಂತೆ ಎದ್ದ ದಿಬ್ಬದ ಮೇಲೆ ಕೋಟೆ. ಕಣಿವೆಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ, ಈ ಕೋಟೆಗೆ ಕಂದಕ ತೋಡುವ ಕೆಲಸವನ್ನು ದೇವರೇ ಮುಗಿಸಿಕೊಟ್ಟಿದ್ದ ಎನಿಸುತ್ತದೆ. 1204ರಲ್ಲಿ ಕ್ರುಸೇಡಿನವರು ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿದ ಸುಮಾರಿಗೇ, ಅಲ್ಲಿ ಹಿಂದೆ ಆಳಿದ್ದ ಕೊಮ್ನೆನೋಸ್ ಮನೆತನದ ಅಣ್ಣತಮ್ಮಂದಿರಿಬ್ಬರು, ಜಾರ್ಜಿಯಾದ ರಾಣಿ ತಮಾರಳ ನೆರವಿನಿಂದ, ಇಲ್ಲಿ ತಮ್ಮದೇ ಸಾಮ್ರಾಜ್ಯ ಕಟ್ಟಿದರು. ಸಾಮ್ರಾಜ್ಯ ಎನ್ನುವುದು ದೊಡ್ಡ ಮಾತು. ನೆಲವೆಂದರೆ ಕರಾವಳಿಯ ಒಂದು ಪಟ್ಟಿ. ಆದರೂ ಅದು 257 ವರ್ಷ ಬಾಳಿತು. ಬೆನ್ನಿಗೆ ಬೆಟ್ಟ, ತಬ್ರೀಜಿನಿಂದ ಇಳಿದು ಬರುವ ರೇಷ್ಮೆಯ ದಾರಿಯ ಸುಂಕ, ಸುತ್ತಲಿನ ತುರ್ಕಮನ್ ನಾಯಕರಿಗೆ ಮದುವೆ ಮಾಡಿಕೊಡಲು ಮನೆತುಂಬ ರಾಜಕುಮಾರಿಯರು. 1458ರಲ್ಲಿ ಥಿಯೊಡೋರಾ ಎಂಬವಳನ್ನು ಆ ನಾಯಕರಲ್ಲೊಬ್ಬನಾದ ಉಜುನ್ ಹಸನನಿಗೆ ಕೊಟ್ಟರು. ಮೂರೇ ವರ್ಷಕ್ಕೆ, 1461ರಲ್ಲಿ, ಒಟ್ಟೋಮನ್ ಸುಲ್ತಾನ ಎರಡನೆಯ ಮೆಹಮದ್ ಸೇನೆಯನ್ನು ಆ ಬೆಟ್ಟ ದಾಟಿಸಿಯೇ ತಂದ. ಅಳಿಯ ನೆರವಿಗೆ ಒದಗಲಿಲ್ಲ. ಅಂದಹಾಗೆ, ಚೀನಾದಿಂದ ಹಿಂದಿರುಗುತ್ತಿದ್ದ ಮಾರ್ಕೊ ಪೋಲೊ ತನ್ನ ಗಳಿಕೆಯ ದೊಡ್ಡ ಪಾಲು ಕಳೆದುಕೊಂಡದ್ದು ಮರುಭೂಮಿಯಲ್ಲಲ್ಲ, ಇಲ್ಲಿ.

ಆ ಅರಸರು ಕಟ್ಟಿಸಿದ ಹಗಿಯಾ ಸೋಫಿಯಾ ಊರಿನ ಪಶ್ಚಿಮಕ್ಕೆ ಕಡಲಿನತ್ತ ಮುಖ ಮಾಡಿದೆ. ಹದಿಮೂರನೆಯ ಶತಮಾನದ ಚರ್ಚು, ಆಮೇಲೆ ಮಸೀದಿ, 1964ರಿಂದ ವಸ್ತುಸಂಗ್ರಹಾಲಯ, 2013ರಿಂದ ಮತ್ತೆ ಮಸೀದಿ. ದಕ್ಷಿಣದ ಮುಖಮಂಟಪದ ಮೇಲೆ ಒಂಟಿತಲೆಯ ಹದ್ದನ್ನು ಕಡೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹದ್ದಲ್ಲ, ಹಿಂಬದಿಯ ಗೋಡೆ. ಅಲ್ಲಿ ಹಾಯಿಹಡಗುಗಳಿವೆ, ಮೊಳೆಯಂಥದ್ದರಿಂದ ಗೀರಿದವು. ಒಂದಕ್ಕೆ ಹಗ್ಗಗಳೆಲ್ಲ ಸರಿಯಾಗಿವೆ. ಇನ್ನೊಂದು ಮಕ್ಕಳು ಸ್ಲೇಟಿನ ಮೇಲೆ ಬರೆದಂತಿದೆ. ಬಂದರಿಗೆ ಬಂದ ನಾವಿಕರು ಹರಕೆಗೆ ಗೀರಿದರೋ ಬೇಸರಕ್ಕೋ. ಕಲ್ಲಿನ ಗೀರಿನೊಳಗೆ ಮಳೆನೀರು ನಿಂತು ಹಡಗುಗಳು ಮಿನುಗುತ್ತಿದ್ದವು.

ಮರುದಿನ ಸುಮೆಲಾ. ಮಾಚ್ಕಾ ದಾಟಿ ಆಲ್ತಿಂದೆರೆ ಕಣಿವೆಯಲ್ಲಿ, ನೆಟ್ಟಗೆ ನಿಂತ ಬಂಡೆಯ ಮುಖಕ್ಕೆ ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿ ಜೇನುಗೂಡಿನಂತೆ ಕಚ್ಚಿಕೊಂಡ ಮಠ. ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನ ಇಬ್ಬರು ಸನ್ಯಾಸಿಗಳಿಗೆ ಮಾತೆ ಮೇರಿ ಕನಸಿನಲ್ಲಿ ಬಂದು ಜಾಗ ತೋರಿಸಿದಳೆಂದು ಸ್ಥಳಪುರಾಣ. ಕಡಿದಾದ ಮೆಟ್ಟಿಲು ಹತ್ತಿ ಒಳಗೆ ಹೋದರೆ ಗುಹೆಯ ಒಳಹೊರಗೆಲ್ಲ ಚಿತ್ರಗಳು. ಕೈಗೆಟಕುವಷ್ಟು ಎತ್ತರದವರೆಗೆ ಸಂತರಿಗೆ ಕಣ್ಣಿಲ್ಲ. ಮೈಮೇಲೆ ಬಂದವರ ಹೆಸರು, ಇಸವಿ, ಗ್ರೀಕ್ ಲಿಪಿಯಲ್ಲೂ ಇವೆ, ಲ್ಯಾಟಿನ್ ಲಿಪಿಯಲ್ಲೂ ಇವೆ. ಕೈಗೆಟಕದ ಸಂತರು ಪೂರ್ತಿ ಉಳಿದಿದ್ದಾರೆ.

ಮಠ ಖಾಲಿಯಾದದ್ದು 1923ರಲ್ಲಿ. ಟರ್ಕಿ ಮತ್ತು ಗ್ರೀಸ್ ತಮ್ಮ ಜನರನ್ನು ಅದಲುಬದಲು ಮಾಡಿಕೊಂಡವು. ಸನ್ಯಾಸಿಗಳು ಮೇರಿಯ ಪವಿತ್ರ ಪಟವನ್ನು ಮಣ್ಣಿನಲ್ಲಿ ಹೂತು ಹೊರಟರು. ಕೆಲವು ವರ್ಷಗಳ ನಂತರ ಒಬ್ಬ ಅನುಮತಿ ಪಡೆದು ಬಂದು ಅಗೆದು ಒಯ್ದ. ಅದೀಗ ಗ್ರೀಸಿನ ವೆರಿಯಾ ಬಳಿ, ಇದೇ ಹೆಸರಿನ ಹೊಸ ಮಠದಲ್ಲಿದೆ. 2010ರ ಆಗಸ್ಟ್ 15ರಂದು ಇಲ್ಲಿ ಮತ್ತೆ ಪೂಜೆ ನಡೆಯಿತು.

ಅದಲುಬದಲಿಗೆ ಅಳತೆಗೋಲು ಮತ, ಭಾಷೆಯಲ್ಲ. ಟರ್ಕಿ ಭಾಷೆ ಬಿಟ್ಟು ಬೇರೇನೂ ಬಾರದ ಕ್ರೈಸ್ತರು ಗ್ರೀಸಿಗೆ ಹೋದರು. ಗ್ರೀಕಿನ ಒಂದು ಬಗೆಯನ್ನೇ ಮನೆಮಾತಾಗಿ ಆಡುತ್ತಿದ್ದ ಚಾಯ್‌ಕಾರಾ ಕಣಿವೆಯ ಮುಸ್ಲಿಮರು ಇಲ್ಲೇ ಉಳಿದರು. ಅವರ ರೊಮೇಯ್ಕಾ ನುಡಿಯಲ್ಲಿ, ಗ್ರೀಸಿನಲ್ಲೇ ಸತ್ತುಹೋದ ಪ್ರಾಚೀನ ವ್ಯಾಕರಣರೂಪಗಳು ಉಸಿರಾಡುತ್ತಿವೆ. ನಮ್ಮ ಮಿನಿಬಸ್ಸಿನ ಚಾಲಕ ಆ ಕಡೆಯವನೇ. ಆ ಭಾಷೆ ಬರುತ್ತದೆಯೇ ಎಂದು ಕೇಳಿದೆ. ‘ಅಜ್ಜಿ ಬಯ್ದರೆ ಅರ್ಥವಾಗುತ್ತದೆ’ ಎಂದ. ಆ ಕಣಿವೆಯ ತುದಿಯಲ್ಲಿರುವ, ಭೂಕುಸಿತದಿಂದ ಹುಟ್ಟಿದ ಉಜುನ್‌ಗೋಲ್ ಸರೋವರಕ್ಕೂ ಅವನು ಕರೆದೊಯ್ದ. ಸುತ್ತ ಹೋಟೆಲುಗಳ ಬೇಲಿ. ಕುಯ್ಮಾಕ್ ಮಾತ್ರ ಚೆನ್ನಾಗಿತ್ತು: ಬೆಣ್ಣೆಯಲ್ಲಿ ಹುರಿದ ಮೆಕ್ಕೆಜೋಳದ ಹಿಟ್ಟಿಗೆ ಚೀಸ್ ಹಾಕಿ ಕಲಸಿದ್ದು, ಚಮಚ ಎತ್ತಿದರೆ ಎಳೆ ಹಣೆಯವರೆಗೆ ಬರುತ್ತದೆ.

ಕೊನೆಯ ದಿನ ತಾಮ್ರದ ಕೆಲಸಗಾರರ ಬೀದಿಯಲ್ಲಿ ಸುತ್ತಾಡಿದೆವು. ಒಂದು ಅಂಗಡಿಯಲ್ಲಿ ಮುದುಕನೊಬ್ಬ ಬಾಣಲೆಯನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದ. ಬಿಳಿ ಪುಡಿ ಉದುರಿಸಿದ, ಹೊಗೆ ಎದ್ದಿತು. ಮೂಗಿಗೆ ಬಡಿದದ್ದು ನಮ್ಮ ಅಂಗಳದ ವಾಸನೆ, ನವಸಾಗರದ್ದು. ಲೋಹದ ಕಡ್ಡಿ ತಾಗಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದ. ಬಾಣಲೆಯ ಹೊಟ್ಟೆ ಬೆಳ್ಳಿಯಾಯಿತು. ಏನಿದು ಎಂದು ಕೈಸನ್ನೆ ಮಾಡಿದೆ. ‘ಕಲಾಯ್’ ಎಂದ. ಹೆಂಡತಿ ನಕ್ಕು ‘ಕಲಾಯಿ’ ಎಂದಳು. ಅವನು ತಲೆಯಾಡಿಸಿ ಮತ್ತೊಮ್ಮೆ ‘ಕಲಾಯ್’ ಎಂದು ತಿದ್ದಿದ. ಮೂರು ದಿನದಿಂದ ಚೌಕಕ್ಕೆ ‘ಮೆಯ್ದಾನ್’, ಸೋಪಿಗೆ ‘ಸಾಬುನ್’ ಎನ್ನುವುದನ್ನು ಕೇಳುತ್ತಲೇ ಇದ್ದೆವು. ಆದರೂ ಈ ಕಲಾಯಿ ಬಾಣಲೆ ಕೊಳ್ಳದೆ ಬರಲು ಮನಸ್ಸಾಗಲಿಲ್ಲ.

ಇಷ್ಟಾದರೂ ಕಡಲಿನ ಹತ್ತಿರ ಹೋಗಿರಲಿಲ್ಲ. 2007ರಲ್ಲಿ ಮುಗಿದ ಕರಾವಳಿ ಹೆದ್ದಾರಿ ಊರಿಗೂ ನೀರಿಗೂ ನಡುವೆ ಮಲಗಿದೆ. ಕಡಲಿಗೆ ಮಣ್ಣು ತುಂಬಿ ರಸ್ತೆ ಮಾಡಿದ್ದಾರೆ. ಮೀನು ತಿನ್ನಲು ಕೂತ ಹೋಟೆಲಿನ ಕಿಟಕಿಯಿಂದ ಕಾಣುವುದು ಲಾರಿಗಳ ಬೆನ್ನು. ತಟ್ಟೆಯಲ್ಲಿ ಹಂಸಿ, ನಮ್ಮ ಬೆರಳುದ್ದದ ಮೀನು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದದ್ದು. ಕಪ್ಪು ಸಮುದ್ರದಲ್ಲಿ ಇನ್ನೂರು ಮೀಟರಿನ ಕೆಳಗೆ ಆಮ್ಲಜನಕವೇ ಇಲ್ಲ. ಮೀನಿನ ಸಂಸಾರವೆಲ್ಲ ಮೇಲಿನ ತೆಳು ಪದರದಲ್ಲಿ. ಚಳಿಗಾಲ ಬಂದರೆ ಹಂಸಿ ಈ ದಡಕ್ಕೆ ಹಿಂಡುಗಟ್ಟಿ ಬರುತ್ತದೆ, ಇಡೀ ಪ್ರಾಂತ್ಯ ಅದನ್ನೇ ಉಣ್ಣುತ್ತದೆ.

ಊಟ ಮುಗಿಸಿ, ರಸ್ತೆಯಡಿಯ ದಾರಿ ಹಿಡಿದು ಆಚೆ ಬಂದೆವು. ಮರಳಿಲ್ಲ, ರಾಶಿ ಹಾಕಿದ ಬಂಡೆಗಳು. ಗಾಳ ಹಾಕಿ ಕೂತಿದ್ದವರು ಸರಿದು ಜಾಗ ಕೊಟ್ಟರು. ಹೆಂಡತಿ ಸೀರೆಯ ನೆರಿಗೆ ಎತ್ತಿಕೊಂಡು ಜಾರುವ ಕಲ್ಲಿನ ಮೇಲೆ ಇಳಿದು, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡಳು. ಡ್ಯಾನ್ಯೂಬಿನಂಥ ನದಿಗಳ ಸಿಹಿನೀರು ಸುರಿಯುವುದರಿಂದ ಇಲ್ಲಿನ ನೀರಿನಲ್ಲಿ ಉಪ್ಪು ಮಹಾಸಾಗರದ ಅರ್ಧದಷ್ಟು ಎಂದು ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಒಲೆಯ ಮೇಲಿನ ಸಾರು ನೋಡಿದ ಮುಖ ಮಾಡಿ ಅವಳೇ ಹೇಳಿದಳು: ‘ರೀ, ಇದಕ್ಕೆ ಉಪ್ಪು ಸಾಲದು.’